ಅಂಟುಜಾಡ್ಯದೊಳಗಿನ ಅಂಟು

ನಿಡಸೋಸಿಯ ನಮ್ಮ ಕಾಕಾ ಹೋದ ಮಳೆಗಾಲದಲ್ಲಿ ಮೂತ್ರದ ನಳಿಗೆ ಹಾಕಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದರು. ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರ ಕಟ್ಟಿತ್ತು. ಎಂಟನೆಯ ದಿನಕ್ಕೆ ಚಳಿಜ್ವರ ಬಂತು. ಮಾತ್ರೆ ನುಂಗಿದರು, ಇಳಿಯಿತು. ಮಾತ್ರೆಯ ಕೋರ್ಸು ಮುಗಿದು ನಾಲ್ಕು ದಿನ ಆಗಿರಲಿಲ್ಲ, ಮತ್ತೆ ಹಲ್ಲು ಕಟಕಟ. ಬೇರೆ ಮಾತ್ರೆ, ಇಂಜೆಕ್ಷನ್ನು. ಜ್ವರ ಇಳಿಯಿತು, ಮತ್ತೆ ಬಂತು. “ಔಷಧ ಕೊಟ್ಟಾಗ ಇಳಿತೈತಿ, ಬಿಟ್ಟ ಕೂಡ್ಲೆ ಬರ್ತೈತಿ. ಇದೇನ ಹಠಾ ಹಿಡಿದೈತೋ ತಮ್ಮಾ?” ಎಂದು ಕಾಕು ನನ್ನನ್ನು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಮೂರನೆಯ ಸಲ ನೋಡಿದ ತರುಣ ವೈದ್ಯರೊಬ್ಬರು ಮಾತ್ರ ಚೀಟಿ ಬರೆಯುವ ಮೊದಲು ನಳಿಗೆಯನ್ನು ನೋಡಿದರು. “ಬರೇ ಗುಳಿಗಿ ಬದಲಿ ಮಾಡಿದ್ರ ಆಗೂದಿಲ್ರೀ. ಮೊದಲ ಈ ನಳಿಗಿ ಬದಲಿ ಮಾಡೋಣು” ಎಂದರು. ಹೊರಬಂದ ಹಳೆಯ ನಳಿಗೆಯ ಒಳಮೈಗೆ ಮಬ್ಬು ಬಿಳಿಯ ಲೋಳೆ ಹತ್ತಿಕೊಂಡಿತ್ತು. ಅದೇ ಜಾತಿಯ ಔಷಧವೇ ಈ ಸಲ ಕೆಲಸ ಮಾಡಿತು. ಜ್ವರ ಮರಳಿ ಬರಲಿಲ್ಲ.

ಆ ಲೋಳೆ ಏನು, ಅದರೊಳಗೆ ಏನಿತ್ತು ಎಂಬುದನ್ನು ಕಾಕುವಿಗೆ ಹೇಳಬೇಕೆಂದು ಓದತೊಡಗಿದೆ. ಈ ಬರಹ ಅವರ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಗೆ ನಮ್ಮ ಹಿರಿಯರು ‘ಅಂಟುಜಾಡ್ಯ’ ಎಂದರು. ಅಂಟಿಕೊಳ್ಳುವ ಜಾಡ್ಯ. ಅವರ ಮನಸ್ಸಿನಲ್ಲಿದ್ದದ್ದು ಸೋಂಕುವ ಅರ್ಥ. ಆದರೆ ಸೂಕ್ಷ್ಮದರ್ಶಕದ ಕೆಳಗೆ ಆ ಪದ ಅಕ್ಷರಶಃ ನಿಜವಾಗುತ್ತದೆ. ರೋಗದ ಬ್ಯಾಕ್ಟೀರಿಯಾ ಮೊದಲು ಮಾಡುವ ಕೆಲಸಗಳಲ್ಲೊಂದು ಅಂಟಿಕೊಳ್ಳುವುದು. ಅಂಟಿದ ಮೇಲೆ ಅವು ಒಂಟಿಯಾಗಿ ಉಳಿಯುವುದಿಲ್ಲ. ತಮ್ಮ ಸುತ್ತ ಲೋಳೆ ಸುರಿಸಿ, ಅದರೊಳಗೆ ಕೋಟಿಗಟ್ಟಲೆ ಸಂಖ್ಯೆಯಲ್ಲಿ ಒಕ್ಕಲಾಗುತ್ತವೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಘಟಪ್ರಭೆಯ ದಂಡೆಯ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುವುದು, ನೀರಿನ ಟಾಕಿಯ ಒಳಗೋಡೆಗೆ ಬೆರಳಾಡಿಸಿದರೆ ಲೊಳಲೊಳ ಎನ್ನುವುದು, ಬೆಳಿಗ್ಗೆ ಏಳುತ್ತಲೇ ಹಲ್ಲಿನ ಮೇಲೆ ನಾಲಗೆಗೆ ತಾಕುವ ಕಿಟ್ಟ, ಎಲ್ಲವೂ ಇದೇ.

ನಮ್ಮ ಭಾಗದ ಕಬ್ಬಿನ ರೈತರಿಗೆ ಇದರ ಒಂದು ರೂಪ ಚೆನ್ನಾಗಿ ಗೊತ್ತು. ಕಬ್ಬು ಕಡಿದು ಟ್ರ್ಯಾಕ್ಟರಿಗೆ ಹೇರಿ, ಕಾರ್ಖಾನೆಯ ಗೇಟಿನ ಮುಂದೆ ದಿನಗಟ್ಟಲೆ ಪಾಳಿ ಹಚ್ಚಿ ನಿಂತರೆ ಕಬ್ಬು ಹುಳಿಯುತ್ತದೆ. ಕಡಿದ ತುದಿಯಿಂದ ಒಳಹೊಕ್ಕ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಕಬ್ಬಿನ ಸಕ್ಕರೆಯನ್ನೇ ಡೆಕ್ಸ್‌ಟ್ರಾನ್ ಎಂಬ ಅಂಟಾಗಿ ಮಾರ್ಪಡಿಸುತ್ತದೆ. ರಸ ಗಟ್ಟಿಯಾಗಿ ಸೋಸಲು ಬಾರದು, ಹರಳು ಸರಿಯಾಗಿ ಕಟ್ಟದು, ಗಿರಣಿಯ ಗಾಲಿ-ಕೊಳವೆಗಳಿಗೆ ಲೋಳೆ ಹತ್ತುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯೇ ಇರಲಿ, ಗೋಕಾಕ-ಮೂಡಲಗಿ ಕಡೆಯ ಕಾರ್ಖಾನೆಗಳೇ ಇರಲಿ, ಕಡಿದ ಕಬ್ಬು ಬೇಗ ಅರೆಯಲೇಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಬಹಳ ವರ್ಷ ವಿಜ್ಞಾನಿಗಳೂ ಬಯೋಫಿಲ್ಮ್ ಎಂದರೆ ಇಂಥ ಸಕ್ಕರೆಯ ಲೋಳೆ ಎಂದೇ ಹೆಚ್ಚಾಗಿ ತಿಳಿದಿದ್ದರು. ಆದರೆ ಬರೀ ಲೋಳೆ ನಿಲ್ಲುವುದು ಹೇಗೆ? ಮಣ್ಣಿನ ಗೋಡೆ ಕಟ್ಟಿದವರನ್ನು ಕೇಳಿ ನೋಡಿ. ಬರೀ ಕೆಸರಿನಿಂದ ಗೋಡೆ ಏಳಿಸಿದರೆ ಒಣಗುತ್ತಲೇ ಬಿರಿಯುತ್ತದೆ, ಮಳೆಗೆ ಕುಸಿಯುತ್ತದೆ. ಅದಕ್ಕೇ ಕೆಸರಿಗೆ ಹೊಟ್ಟು, ಹುಲ್ಲಿನ ಚೂರು ಹಾಕಿ ತುಳಿದು ಹದ ಮಾಡುತ್ತಾರೆ. ನಾರು ಸೇರಿದ ಮೇಲೆ ಮಣ್ಣು ಗೋಡೆಯಾಗುತ್ತದೆ. ಬ್ಯಾಕ್ಟೀರಿಯಾಗಳ ಲೋಳೆಯಲ್ಲೂ ಇಂಥ ನಾರಿದೆ. ಆ ನಾರು ಪ್ರೋಟೀನಿನದು.

1989ರಲ್ಲಿ ಸ್ವೀಡನ್ನಿನ ಆರ್ನೆ ಓಲ್ಸೆನ್, ಸ್ಟಾಫನ್ ನಾರ್ಮಾರ್ಕ್ ಮತ್ತು ಸಂಗಡಿಗರು ಇ. ಕೋಲಿ ಬ್ಯಾಕ್ಟೀರಿಯಾದ ಮೈಮೇಲೆ ಗುಂಗುರು ಗುಂಗುರಾದ ಎಳೆಗಳಿರುವುದನ್ನು ವರದಿ ಮಾಡಿದರು. ಗುಂಗುರಾಗಿದ್ದುದರಿಂದ ಅವಕ್ಕೆ ‘ಕರ್ಲಿ’ ಎಂದು ಹೆಸರಾಯಿತು. ನಮ್ಮ ದೇಹದ ಅಂಗಾಂಶಗಳನ್ನು ಹಿಡಿದಿಡುವ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿಗೆ ಈ ಎಳೆಗಳು ಗಟ್ಟಿಯಾಗಿ ಅಂಟುವುದನ್ನು ಅವರು ಆಗಲೇ ಗುರುತಿಸಿದ್ದರು. ಒಂದು ಎಳೆಯ ದಪ್ಪ ಎಷ್ಟೆಂದರೆ, ತಲೆಗೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿನಷ್ಟು. 2002ರಲ್ಲಿ ಅಮೆರಿಕದ ಮ್ಯಾಥ್ಯೂ ಚಾಪ್ಮನ್, ಸ್ಕಾಟ್ ಹಲ್ಟ್‌ಗ್ರೆನ್ ಮತ್ತಿತರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಎಳೆ ಅಮಿಲಾಯ್ಡ್ ಎಂದು ತೋರಿಸಿಕೊಟ್ಟರು.

ಆ ಹೆಸರು ಕೇಳಿದರೆ ವೈದ್ಯರು ಬೆಚ್ಚುತ್ತಾರೆ. ಅಲ್ಜೈಮರ್ ಮರೆವಿನ ಕಾಯಿಲೆಯಲ್ಲಿ ಮೆದುಳಿನಲ್ಲಿ ಗಡ್ಡೆಗಟ್ಟಿ ಕೂಡುವುದು ಅಮಿಲಾಯ್ಡ್. ಪಾರ್ಕಿನ್ಸನ್ ಕಾಯಿಲೆಯಲ್ಲೂ ಅಂಥದೇ ಎಳೆಗಳು. ಹೆಸರೇ ಒಂದು ತಪ್ಪಿನಿಂದ ಹುಟ್ಟಿದ್ದು. 1854ರಲ್ಲಿ ಜರ್ಮನಿಯ ರುಡಾಲ್ಫ್ ಫಿರ್ಕೋ ಮೆದುಳಿನಲ್ಲಿ ಕಂಡ ಕಣಗಳಿಗೆ ಅಯೋಡಿನ್ ಹಾಕಿದಾಗ ಅವು ಪಿಷ್ಟದಂತೆ ಬಣ್ಣ ತಳೆದವು. ಶಾಲೆಯಲ್ಲಿ ಆಲೂಗಡ್ಡೆಯ ಹೋಳಿಗೆ ಅಯೋಡಿನ್ ಹಾಕಿ ನೋಡಿದ್ದೀರಲ್ಲ, ಅದೇ ಪರೀಕ್ಷೆ. ಹಾಗಾಗಿ ‘ಪಿಷ್ಟದಂಥದ್ದು’ ಎಂಬ ಅರ್ಥದ ಹೆಸರಿಟ್ಟರು. ಐದೇ ವರ್ಷದಲ್ಲಿ ಅಂಗಾಂಶಗಳಲ್ಲಿ ಕೂಡುವ ಅಮಿಲಾಯ್ಡ್ ಪಿಷ್ಟವಲ್ಲ, ಪ್ರೋಟೀನು ಎಂದು ಗೊತ್ತಾಯಿತು. ಹೆಸರು ಮಾತ್ರ ಉಳಿಯಿತು.

ಅಮಿಲಾಯ್ಡನ್ನು ಗುರುತಿಸುವ ಇನ್ನೊಂದು ಬಣ್ಣ ಬಂದದ್ದು ಹತ್ತಿಯ ಲೋಕದಿಂದ. ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಏಳುತ್ತಿದ್ದ 1880ರ ದಶಕದಲ್ಲೇ ಜರ್ಮನಿಯಲ್ಲಿ ಪಾಲ್ ಬೋಟಿಗರ್ ಎಂಬಾತ ಹತ್ತಿಗೆ ನೇರವಾಗಿ ಹಿಡಿಯುವ ಒಂದು ಕೆಂಪು ಬಣ್ಣ ಮಾಡಿದ. ಅದಕ್ಕೆ ಕಾಂಗೋ ಕೆಂಪು ಎಂದು ಹೆಸರು. ನೂಲಿನ ಎಳೆಗೆ ಹಿಡಿದಂತೆ ಅದು ಅಮಿಲಾಯ್ಡ್ ಎಳೆಗೂ ಹಿಡಿಯುತ್ತದೆ ಎಂದು 1922ರಲ್ಲಿ ತಿಳಿಯಿತು. ಇಂದಿಗೂ ಪ್ರಯೋಗಾಲಯದಲ್ಲಿ ಈ ಬಣ್ಣ ಬೆರೆಸಿದ ತಟ್ಟೆಯ ಮೇಲೆ ಸಾಲ್ಮೊನೆಲ್ಲಾ, ಇ. ಕೋಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಾರೆ. ಕರ್ಲಿ ನೇಯುವ ತಳಿಯ ಗುಂಪು ಕೆಂಪಗೆ, ಒಣಗಿ, ಬ್ಯಾಡಗಿ ಮೆಣಸಿನಕಾಯಿಯ ಸಿಪ್ಪೆಯಂತೆ ಸುಕ್ಕುಸುಕ್ಕಾಗುತ್ತದೆ. ನೇಯದ ತಳಿ ನುಣ್ಣಗೆ, ಪೇಲವವಾಗಿ ಉಳಿಯುತ್ತದೆ.

ಹಾಗಾದರೆ ಮನುಷ್ಯನ ಮೆದುಳಿಗೆ ಮುಳುವಾದದ್ದು ಬ್ಯಾಕ್ಟೀರಿಯಾಕ್ಕೆ ಉಪಯೋಗಕ್ಕೆ ಬಂದದ್ದು ಹೇಗೆ? ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಂಡದ್ದು ಇದೇ.

ಅಮಿಲಾಯ್ಡ್ ಎನ್ನುವುದು ಒಂದು ಪ್ರೋಟೀನಿನ ಹೆಸರಲ್ಲ, ಪೇರಿಸುವ ಒಂದು ರೀತಿ. ಪ್ರೋಟೀನಿನ ಸರಪಳಿ ಮಡಚಿ ಚಪ್ಪಟೆಯಾಗುತ್ತದೆ. ಖಡಕ್ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಿದಂತೆ ಅದರ ಮೇಲೆ ಇನ್ನೊಂದು, ಮತ್ತೊಂದು ಕೂರುತ್ತದೆ. ಎರಡು ಪದರಗಳ ನಡುವಿನ ಅಂತರ ಅರ್ಧ ನ್ಯಾನೋಮೀಟರಿಗಿಂತ ಕಡಿಮೆ. ಒಮ್ಮೆ ಹೀಗೆ ಪೇರಿದ ಎಳೆ ಸುಲಭಕ್ಕೆ ಬಿಚ್ಚದು. ಕರ್ಲಿಯನ್ನು ತೀಕ್ಷ್ಣ ಡಿಟರ್ಜೆಂಟಿನಲ್ಲಿ ಕುದಿಸಿದರೂ ಅದು ಕರಗುವುದಿಲ್ಲ. ಅದನ್ನು ಬಿಡಿಸಿ ನೋಡಲು ಸಂಶೋಧಕರು ಸಾಂದ್ರ ಫಾರ್ಮಿಕ್ ಆಮ್ಲ ಹಾಕುತ್ತಾರೆ. ಕೆಂಜಿಗ ಇರುವೆ ಕಚ್ಚಿದಾಗ ಉರಿಯುತ್ತದಲ್ಲ, ಆ ಆಮ್ಲ. ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳಿಗೂ ಇದು ಗಟ್ಟಿ ತುತ್ತು.

ಇಷ್ಟು ಗಟ್ಟಿಯಾದದ್ದು ಕೋಶದೊಳಗೇ ಕಟ್ಟಿಕೊಂಡರೆ ಬ್ಯಾಕ್ಟೀರಿಯಾವೇ ಸಾಯುತ್ತದೆ. ಹಾಗಾಗದಂತೆ ಅದು ಮಾಡಿಕೊಂಡ ಏರ್ಪಾಡು ನೋಡಿ. ಇ. ಕೋಲಿಯಲ್ಲಿ ಇದಕ್ಕೆಂದೇ ಏಳು ಜೀನ್‌ಗಳಿವೆ. ಎಳೆಯ ಮುಖ್ಯ ಸರಕು ಸಿಎಸ್‌ಜಿ-ಎ ಎಂಬ ಪ್ರೋಟೀನು. ಒಳಗೆ ತಯಾರಾದಾಗ ಅದಕ್ಕೆ ಇನ್ನೂ ಆಕಾರವಿಲ್ಲ, ಹಾಲಿನಂತೆ ಸಡಿಲ. ದಾರಿಯಲ್ಲಿ ಅದು ಗಟ್ಟಿಯಾಗದಂತೆ ಕಾಯಲು ಸಿಎಸ್‌ಜಿ-ಸಿ ಎಂಬ ಕಾವಲುಗಾರ ಇದೆ. ಹೊರಗೋಡೆಯಲ್ಲಿ ಒಂಬತ್ತು ತುಂಡುಗಳು ಸೇರಿ ಆದ ಸಣ್ಣ ರಂಧ್ರ, ಸಿಎಸ್‌ಜಿ-ಜಿ. ಅದರ ಮೂಲಕ ಸಡಿಲ ಪ್ರೋಟೀನು ಹೊರಬೀಳುತ್ತದೆ. ಹೊರಗೆ ಕಾದು ಕೂತಿರುವುದು ಸಿಎಸ್‌ಜಿ-ಬಿ. ಇದು ಹೆಪ್ಪು. ಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿದ್ದರೆ ಗಡಿಗೆಯೆಲ್ಲ ಮೊಸರಾಗುವಂತೆ, ಸಿಎಸ್‌ಜಿ-ಬಿ ತಾಕಿದ ಕೂಡಲೇ ಸಡಿಲ ಪ್ರೋಟೀನು ಮಡಚಿ ಪೇರತೊಡಗುತ್ತದೆ. ಹಾಲು ಒಳಗೆ, ಹೆಪ್ಪು ಹೊರಗೆ. ನಮ್ಮ ಮೆದುಳಿನಲ್ಲಿ ಹಾಲು ಒಡೆದಂತೆ ಎಲ್ಲೆಂದರಲ್ಲಿ ಆಗುವ ಕೆಲಸವನ್ನು ಬ್ಯಾಕ್ಟೀರಿಯಾ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಮಾಡಿಸುತ್ತದೆ. ಯಾವಾಗ ಎನ್ನುವುದನ್ನು ತೀರ್ಮಾನಿಸಲು ಸಿಎಸ್‌ಜಿ-ಡಿ ಎಂಬ ಯಜಮಾನನೂ ಇದ್ದಾನೆ.

ಆ ಒಂಬತ್ತು ತುಂಡಿನ ರಂಧ್ರ ಮನುಷ್ಯನಿಗೂ ಉಪಯೋಗಕ್ಕೆ ಬಂದಿದೆ. ಅದನ್ನು ಮಾರ್ಪಡಿಸಿ, ಅದರ ಮೂಲಕ ಡಿಎನ್‌ಎ ಎಳೆಯನ್ನು ಹಾಯಿಸಿ, ಅಕ್ಷರಗಳನ್ನು ಓದುವ ಅಂಗೈಯಗಲದ ಯಂತ್ರವನ್ನು ಆಕ್ಸ್‌ಫರ್ಡ್ ನ್ಯಾನೋಪೋರ್ ಕಂಪನಿ ಮಾಡಿತು. ಕೋವಿಡ್ ಕಾಲದಲ್ಲಿ ವೈರಸ್ಸಿನ ತಳಿ ಗುರುತಿಸಲು ಇಂಥ ಯಂತ್ರಗಳು ಜಗತ್ತಿನ ಎಷ್ಟೋ ಕಡೆ ದುಡಿದವು.

ಅಮಿಲಾಯ್ಡನ್ನು ಕೆಲಸಕ್ಕೆ ಹಚ್ಚಿಕೊಂಡದ್ದು ಇ. ಕೋಲಿ ಒಂದೇ ಅಲ್ಲ. ರೇಷ್ಮೆ ಪತಂಗದ ಜಾತಿಯ ಮೊಟ್ಟೆಯ ಚಿಪ್ಪಿನಲ್ಲಿ ಅದಿದೆ ಎಂದು ಗ್ರೀಸಿನ ಸಂಶೋಧಕರು 2000ದಲ್ಲಿ ತಿಳಿಸಿದರು. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದೂ ಅಮಿಲಾಯ್ಡ್ ಎಳೆಗಳ ಹಂದರದ ಮೇಲೆ. ಹಲ್ಲು ಹುಳುಕು ಮಾಡುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್, ಆಸ್ಪತ್ರೆಗಳ ಕಾಟವಾದ ಸ್ಯೂಡೊಮೊನಾಸ್, ಕೀವುಗುಳ್ಳೆಯ ಸ್ಟ್ಯಾಫಿಲೊಕಾಕಸ್ ಆರಿಯಸ್, ಇವಕ್ಕೆಲ್ಲ ಅವುಗಳದೇ ಆದ ಅಮಿಲಾಯ್ಡ್‌ಗಳಿವೆ. ಸ್ಟ್ಯಾಫಿಲೊಕಾಕಸ್‌ನ ಒಂದು ಎಳೆಯಂತೂ ಚಪ್ಪಟೆ ಪದರಗಳ ಬದಲು ಸುರುಳಿಗಳನ್ನೇ ಪೇರಿಸಿ ಕಟ್ಟಿದ್ದು ಎಂದು ಇಸ್ರೇಲಿನ ಮೈತಾಲ್ ಲಾಂಡೌ ತಂಡ 2017ರಲ್ಲಿ ಕಂಡುಕೊಂಡಿತು. ಹಾಗೆಂದು ಬಯೋಫಿಲ್ಮಿನ ಎಲ್ಲ ನಾರೂ ಅಮಿಲಾಯ್ಡ್ ಅಲ್ಲ. ಬ್ಯಾಸಿಲಸ್ ಸಬ್ಟಿಲಿಸ್‌ನ ಒಂದು ಎಳೆಯನ್ನು 2010ರಲ್ಲಿ ಅಮಿಲಾಯ್ಡ್ ಎಂದು ಸಾರಿದ್ದರು. 2022ರಲ್ಲಿ ಅದರ ರಚನೆಯನ್ನು ಹತ್ತಿರದಿಂದ ನೋಡಿದಾಗ ಅದು ಬೇರೆಯೇ ಬಗೆಯ ಹೆಣಿಗೆ ಎಂದು ಕಂಡಿತು. ವಿಜ್ಞಾನ ತನ್ನ ಮಾತನ್ನು ಹೀಗೆ ತಿದ್ದಿಕೊಳ್ಳುವುದನ್ನು ನಾನು ಗೌರವದಿಂದ ನೋಡುತ್ತೇನೆ.

ಈಗ ಕಾಕಾನ ನಳಿಗೆಗೆ ಬರೋಣ. ಮೂತ್ರದ ಸೋಂಕಿಗೆ ಅತಿ ಹೆಚ್ಚು ಕಾರಣವಾಗುವುದು ಇ. ಕೋಲಿ. ಕರುಳಿನಲ್ಲಿ ನಿರುಪದ್ರವಿಯಾಗಿ ಬಾಳುವ ಜೀವಿ, ಮೂತ್ರನಾಳಕ್ಕೆ ಬಂದರೆ ಕಾಯಿಲೆ. ದೇಹದ ಒಳಗೋಡೆ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ: ಮೂತ್ರ ಹರಿದು ತೊಳೆಯುತ್ತದೆ, ಜೀವಕೋಶಗಳು ಸುಲಿದು ಬೀಳುತ್ತವೆ, ಬಿಳಿ ರಕ್ತಕಣ ಓಡಿ ಬರುತ್ತವೆ. ರಬ್ಬರಿನ ಇಲ್ಲವೇ ಸಿಲಿಕೋನಿನ ನಳಿಗೆಗೆ ಇದಾವುದೂ ಇಲ್ಲ. ಅದು ಬ್ಯಾಕ್ಟೀರಿಯಾಕ್ಕೆ ಸಿಕ್ಕ ಖಾಲಿ ನಿವೇಶನ. ನಳಿಗೆ ಇರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ನೆಲೆಸುವ ಸಾಧ್ಯತೆ ಶೇ 3ರಿಂದ 7ರಷ್ಟು ಎಂಬುದು ವೈದ್ಯಲೋಕ ಒಪ್ಪಿದ ಲೆಕ್ಕ. ತಿಂಗಳು ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ನೆಲೆಸಿರುತ್ತದೆ. ಹಾಗೆ ನೆಲೆಸಿದವರಿಗೆಲ್ಲ ಜ್ವರ ಬರುವುದಿಲ್ಲ, ಬಂದವರಿಗೆ ಮಾತ್ರ ಔಷಧ ಬೇಕು.

ಔಷಧ ಕೊಟ್ಟಾಗ ಏನಾಗುತ್ತದೆ? ತೇಲಾಡುತ್ತಿರುವ ಬ್ಯಾಕ್ಟೀರಿಯಾ ಸಾಯುತ್ತವೆ, ಜ್ವರ ಇಳಿಯುತ್ತದೆ. ಬಯೋಫಿಲ್ಮಿನ ಗೋಡೆಯೊಳಗಿನವು ಉಳಿಯುತ್ತವೆ. ಒಳಪದರದವು ಆಹಾರ, ಆಮ್ಲಜನಕ ಕಡಿಮೆಯಾಗಿ ಅರೆನಿದ್ದೆಯಲ್ಲಿರುತ್ತವೆ. ಬೆಳೆಯುತ್ತಿರುವ ಜೀವಿಯನ್ನು ಕೊಲ್ಲುವ ಔಷಧಕ್ಕೆ ನಿದ್ರಿಸುವ ಜೀವಿಯ ಮೇಲೆ ಹಿಡಿತ ಸಿಗದು. ಮಾತ್ರೆ ನಿಂತ ಮೇಲೆ ಅಲ್ಲಿಂದ ಒಂದಷ್ಟು ಕಳಚಿಕೊಂಡು ಬರುತ್ತವೆ, ಜ್ವರ ಮರಳುತ್ತದೆ. ಕಾಕು ‘ಹಠ’ ಎಂದದ್ದು ಇದನ್ನೇ. ಬ್ಯಾಕ್ಟೀರಿಯಾವನ್ನೇ ತಿನ್ನುವ ಫೇಜ್ ಎಂಬ ವೈರಸ್‌ಗಳಿವೆ. ಕರ್ಲಿಯ ಬಲೆ ದಟ್ಟವಾಗಿದ್ದರೆ ಅವೂ ಒಳನುಗ್ಗಲಾರವು ಎಂದು 2018ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದ್ದಾರೆ.

ಕರ್ಲಿಯ ಕಾಟ ಅಂಟಿಗೇ ಮುಗಿಯುವುದಿಲ್ಲ. ನಮ್ಮ ರೋಗನಿರೋಧಕ ವ್ಯವಸ್ಥೆ ಈ ಎಳೆಯನ್ನು ಅಪಾಯದ ಗುರುತಾಗಿ ಓದುತ್ತದೆ, ಉರಿಯೂತ ಎಬ್ಬಿಸುತ್ತದೆ. ಬಯೋಫಿಲ್ಮಿನಲ್ಲಿ ಕರ್ಲಿ ಮತ್ತು ಬ್ಯಾಕ್ಟೀರಿಯಾದ ಡಿಎನ್‌ಎ ಹೆಣೆದುಕೊಂಡ ಗಂಟು, ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್‌ಗೆ ಈಡಾಗುವ ಇಲಿಗಳಲ್ಲಿ ಆ ಕಾಯಿಲೆಯನ್ನು ಬೇಗ ತರಿಸಿದ್ದನ್ನು 2015ರಲ್ಲಿ ಅಮೆರಿಕದ ಒಂದು ತಂಡ ಕಂಡಿತು. ಕರುಳಿನ ಕರ್ಲಿಗೂ ಪಾರ್ಕಿನ್ಸನ್ ಬಗೆಯ ಎಳೆಗಳಿಗೂ ನಂಟು ಇದೆಯೇ ಎಂದು ಇಲಿಗಳಲ್ಲಿ ಹುಡುಕುತ್ತಿದ್ದಾರೆ. ಇವು ಪ್ರಾಣಿಗಳಲ್ಲಿ ಕಂಡ ಸಂಗತಿಗಳು. ಇದನ್ನೋದಿ ಯಾರೂ ಹೆದರಬೇಕಾಗಿಲ್ಲ.

ನಮ್ಮ ನಾಡಿನಲ್ಲೇ ನಡೆದ ಒಂದು ಕೆಲಸವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ದೀಪಶಿಖಾ ಚಕ್ರವರ್ತಿ, ಆಘಾತ ಅಲೆಗಳನ್ನು ಅಭ್ಯಾಸ ಮಾಡುವ ಎಂಜಿನಿಯರ್ ಗೋಪಾಲನ್ ಜಗದೀಶ್ ಮತ್ತು ಸಂಗಡಿಗರು 2015ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಬ್ಬರು ಸಾಲ್ಮೊನೆಲ್ಲಾದ ಬೆನ್ನು ಹತ್ತಿದವರು, ಇನ್ನೊಬ್ಬರು ಶಬ್ದಕ್ಕಿಂತ ವೇಗವಾಗಿ ಸಾಗುವ ಒತ್ತಡದ ಅಲೆಗಳ ಬೆನ್ನು ಹತ್ತಿದವರು. ಮೂತ್ರಪಿಂಡದ ಕಲ್ಲನ್ನು ಹೊರಗಿನಿಂದಲೇ ಪುಡಿ ಮಾಡಲು ಬಳಸುವುದು ಇದೇ ಜಾತಿಯ ಅಲೆಯನ್ನು. ಮೂತ್ರದ ನಳಿಗೆಯಲ್ಲಿ ಬೆಳೆದ ಸಾಲ್ಮೊನೆಲ್ಲಾ, ಸ್ಯೂಡೊಮೊನಾಸ್, ಸ್ಟ್ಯಾಫಿಲೊಕಾಕಸ್ ಬಯೋಫಿಲ್ಮುಗಳನ್ನು ಆಘಾತ ಅಲೆಯಿಂದ ಕಿತ್ತು ಹಾಕಬಹುದು ಎಂದು ಅವರು ತೋರಿಸಿದರು. ಶ್ವಾಸಕೋಶದಲ್ಲಿ ಸ್ಯೂಡೊಮೊನಾಸ್ ನೆಲೆಯೂರಿದ ಇಲಿಗಳಿಗೆ ಸಿಪ್ರೊಫ್ಲಾಕ್ಸಸಿನ್ ಒಂದನ್ನೇ ಕೊಟ್ಟಾಗ ಗುಣ ಕಾಣಲಿಲ್ಲ; ಅಲೆ ಹಾಯಿಸಿ ಕೊಟ್ಟಾಗ ಅದೇ ಔಷಧ ಫಲಿಸಿತು. ಬಯೋಫಿಲ್ಮಿನೊಳಗಿನ ಸೋಂಕಿಗೆ ಮಾಮೂಲಿಗಿಂತ ಸಾವಿರ ಪಟ್ಟು ಹೆಚ್ಚು ಔಷಧ ಬೇಕಾಗಬಹುದು ಎಂದು ಆ ಪ್ರಬಂಧವೇ ಹೇಳುತ್ತದೆ. ಮನುಷ್ಯನ ದೇಹ ಅಷ್ಟನ್ನು ತಾಳದು. ಅವರು ಹೊಸ ಔಷಧ ಹುಡುಕಲಿಲ್ಲ, ಗೋಡೆ ಒಡೆದರು. ತರುಣ ವೈದ್ಯರು ಕಾಕಾನಿಗೆ ನಳಿಗೆ ಬದಲಿಸಿದಾಗ ಮಾಡಿದ್ದೂ ಅದನ್ನೇ.

ಎಳೆ ನೇಯದಂತೆಯೇ ತಡೆಯುವ ರಾಸಾಯನಿಕಗಳ ಹುಡುಕಾಟವೂ ನಡೆದಿದೆ. ಹಸಿರು ಚಹಾದ ಒಂದು ಅಂಶ ಕರ್ಲಿಯ ಹೆಣಿಗೆ ಕೆಡಿಸುತ್ತದೆ ಎಂದು ಬರ್ಲಿನ್ನಿನ ಪ್ರಯೋಗಾಲಯದಲ್ಲಿ 2016ರಲ್ಲಿ ಕಂಡಿತು. ತಟ್ಟೆಯ ಮೇಲಿನ ಫಲಿತಾಂಶ ಅದು. ಚಹಾ ಕುಡಿದರೆ ಮೂತ್ರದ ಸೋಂಕು ಹೋಗುತ್ತದೆ ಎಂದು ಯಾರಾದರೂ ಮೊಬೈಲಿನಲ್ಲಿ ಕಳಿಸಿದರೆ ನಂಬಬೇಡಿ.

ಔಷಧಕ್ಕಿಂತ ಮೊದಲು ತಿಕ್ಕುವಿಕೆ ಎಂಬ ತಿಳಿವು ಹಳೆಯದು. 1680ರ ದಶಕದಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಕಿಟ್ಟವನ್ನು ತಾನೇ ಮಾಡಿದ ಮಸೂರದ ಕೆಳಗಿಟ್ಟು, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡ. ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿದರೆ ಕಿಟ್ಟದ ಹೊರಮೈಯ ಜೀವಿಗಳು ಮಾತ್ರ ಸಾಯುತ್ತವೆ, ಒಳಗಿನವು ಬದುಕುತ್ತವೆ ಎಂದೂ ಬರೆದಿಟ್ಟ. ಬಯೋಫಿಲ್ಮ್ ಎಂಬ ಪದ ಹುಟ್ಟುವುದಕ್ಕೆ ಶತಮಾನಗಳ ಮೊದಲ ಮಾತು ಅದು. ನಮ್ಮ ಸಿಹಿತಿಂಡಿ ಕರದಂಟನ್ನೇ ನೋಡಿ. ಕರದಂಟು ಎಂದರೆ ಕರಿದ ಅಂಟು. ಬೆಲ್ಲದ ಪಾಕದ ಜೊತೆ ಸೇರಿ ಒಣಹಣ್ಣುಗಳನ್ನೆಲ್ಲ ಹಿಡಿದಿಡುವುದು ಆ ಅಂಟೇ. ಅದನ್ನು ತಿಂದು ಬರೀ ನೀರು ಮುಕ್ಕಳಿಸಿ ಮಲಗುವ ಮಗುವಿನ ಹಲ್ಲಿನ ಮೇಲೆ ರಾತ್ರಿಯೆಲ್ಲ ಬೇರೆ ಅಂಟು ತಯಾರಾಗುತ್ತದೆ. ಅದು ಹೋಗುವುದು ಬ್ರಷ್ಷಿನಿಂದ ತಿಕ್ಕಿದರೇ.

ನಿಡಸೋಸಿಯ ದುರದುಂಡೀಶ್ವರ ಮಠದ ದಾಸೋಹಕ್ಕೆ ಹೋದವರು ಕೊಪ್ಪರಿಗೆ ತೊಳೆಯುವುದನ್ನು ನೋಡಬೇಕು. ದೊಡ್ಡ ಪಾತ್ರೆಯ ತೊಳೆತ ಎಂದರೆ ನೀರು ಹೊಯ್ದು ಬಗ್ಗಿಸುವುದಲ್ಲ, ಒಳಗಿಳಿದು ತೋಳು ಸೋಲುವವರೆಗೂ ತಿಕ್ಕುವುದು. ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿ, ತೆಂಗಿನ ಜುಂಗು ಹಿಡಿದು ಬೆಳಗುತ್ತಿದ್ದ ನಮ್ಮ ಅವ್ವಂದಿರ ಶ್ರಮವೂ ಅಂಥದೇ. ನೀರಿನ ಟಾಕಿಗೆ ಬ್ಲೀಚಿಂಗ್ ಪುಡಿ ಚೆಲ್ಲಿ ಸುಮ್ಮನಾಗುವವರು ಇದನ್ನು ಗಮನಿಸಬೇಕು. ಕ್ಲೋರಿನ್ ಲೋಳೆಯ ಹೊರಪದರದಲ್ಲೇ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಟಾಕಿ ಖಾಲಿ ಮಾಡಿ, ಗೋಡೆಯನ್ನು ಗೀಚಿ ತಿಕ್ಕಿ, ಆಮೇಲೆ ಕ್ಲೋರಿನ್ ಹಾಕಿದರೆ ಅದು ಮುಟ್ಟಬೇಕಾದ್ದನ್ನು ಮುಟ್ಟುತ್ತದೆ.

ಮನೆಯಲ್ಲಿ ಮೂತ್ರದ ನಳಿಗೆ ಹಾಕಿಸಿಕೊಂಡ ಹಿರಿಯರಿದ್ದರೆ ಕೆಲವು ಮಾತು ನೆನಪಿಡಿ. ನಳಿಗೆಯನ್ನು ನೀವೇ ಕೀಳಬೇಡಿ, ಎಳೆಯಬೇಡಿ. ಚೀಲವನ್ನು ಮೂತ್ರಕೋಶಕ್ಕಿಂತ ಕೆಳಗೇ ಇಡಿ, ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಜ್ವರ ಬಂದರೆ ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಮಾತ್ರೆ ತರಬೇಡಿ. ವೈದ್ಯರನ್ನು ಕಂಡಾಗಲೆಲ್ಲ ಈ ಎರಡು ಪ್ರಶ್ನೆ ಕೇಳಿ: “ಈ ನಳಿಗಿ ಇನ್ನೂ ಬೇಕೇನ್ರಿ? ಬೇಕಂದ್ರ, ಬದಲಿ ಮಾಡೂದ ಯಾವಾಗ್ರಿ?”